ಗಂಟಿನ ಆಚೆಗಿನ ನೂಲು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಇದನ್ನು ನಾನು ಹೇಳುವ ಮೊದಲೇ ನಮ್ಮ ಮನೆಯವರು ಹೇಳಿಬಿಡುತ್ತಾರೆ, ಬಂದ ನೆಂಟರಿಗೆಲ್ಲ ಹೇಳುತ್ತಾರೆ. ಊಟದ ನಡುವೆ ಎದ್ದು ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ನೋಡಿ ಬರುತ್ತೇನೆ. ಫೋನಿನಲ್ಲಿ ಮಾತಾಡುತ್ತ ಇಡೀ ಮನೆ ಸುತ್ತುತ್ತೇನೆ. ಯಾರಾದರೂ ನಿಧಾನಕ್ಕೆ ಕತೆ ಹೇಳಲು ಹೊರಟರೆ ಕೊನೆಗೆ ಏನಾಯಿತು ಅದನ್ನು ಹೇಳಿ ಎನ್ನುತ್ತೇನೆ. ಇಂಥವಳು ಲೇಸ್ ಹೆಣೆಯುತ್ತಾಳೆ ಎಂದರೆ ಪುತ್ತೂರಿನಲ್ಲಿ ನನ್ನನ್ನು ಬಲ್ಲವರು ಈಗಲೂ ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣವೂ ಇದೆ. ನನ್ನ ಕಪಾಟಿನಲ್ಲಿ ಅರ್ಧಕ್ಕೆ ಬಿಟ್ಟ ಲೇಸುಗಳ ಒಂದು ಚೀಲವೇ ಇದೆ, ಪೂರ್ತಿಯಾದದ್ದು ಒಂದೂ ಇಲ್ಲ.

ನಾವು ಮಾಡುವುದು ಎಲ್ಲರಿಗೂ ಗೊತ್ತಿರುವ ಕ್ರೋಶಾ ಅಲ್ಲ. ಇದಕ್ಕೆ ಬೈಹುಲ್ಲು ಒತ್ತಿ ತುಂಬಿದ ಗಟ್ಟಿ ದಿಂಬು ಬೇಕು, ಗುಂಡುಸೂಜಿ ಬೇಕು, ಮತ್ತೆ ಬೆರಳಿಗಿಂತ ಸ್ವಲ್ಪ ಉದ್ದದ ಮರದ ಬಾಬಿನ್‌ಗಳು ಬೇಕು. ಬಾಬಿನ್ ಎಂದರೆ ಹೊಲಿಗೆ ಮೆಷಿನ್ನಿನ ಚಕ್ರ ನೆನಪಾಗುತ್ತದೆಂದು ನಾವು ಬರೀ ಕಡ್ಡಿ ಎನ್ನುತ್ತೇವೆ. ಕಡ್ಡಿಯ ಕುತ್ತಿಗೆಗೆ ನೂಲು ಸುತ್ತಿರುತ್ತದೆ. ಒಂದೇ ನೂಲಿನ ಒಂದು ತುದಿ ಒಂದು ಕಡ್ಡಿಯಲ್ಲಿ, ಇನ್ನೊಂದು ತುದಿ ಇನ್ನೊಂದರಲ್ಲಿ, ಹಾಗಾಗಿ ಕಡ್ಡಿಗಳು ಯಾವಾಗಲೂ ಜೋಡಿ. ಇಂಥ ಹಲವು ಜೋಡಿಗಳನ್ನು ದಿಂಬಿಗೆ ಸಿಕ್ಕಿಸಿ, ಒಂದನ್ನು ಇನ್ನೊಂದರ ಮೇಲೆ ದಾಟಿಸುತ್ತ, ತಿರುಚುತ್ತ, ಸೂಜಿ ಚುಚ್ಚುತ್ತ ಹೋದರೆ ಲೇಸ್ ಬೆಳೆಯುತ್ತದೆ. ಕಡ್ಡಿಗಳು ಒಂದಕ್ಕೊಂದು ತಾಗಿ ಟಕಟಕ ಎನ್ನುತ್ತಿರುತ್ತವೆ. ಆ ಸದ್ದು ಇದ್ದರೆ ನಾನು ಸ್ವಲ್ಪ ಹೊತ್ತು ಕೂರುತ್ತೇನೆ.

ಪುತ್ತೂರು, ಸುಳ್ಯ, ಕಡಬ, ಹೀಗೆ ಮೂರು ತಾಲೂಕಿನಿಂದ ಬೆರಳೆಣಿಕೆಯ ಹೆಂಗಸರು ತಿಂಗಳಿಗೊಮ್ಮೆ ಟೀಚರ್ ಮನೆಯಲ್ಲಿ ಸೇರುತ್ತೇವೆ. ಟೀಚರ್ ಎಂದರೆ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದ ಕೊಂಕಣಿ ಹೆಂಗಸು. ಅವರ ಜಗಲಿಯಲ್ಲಿ ಮಾತು ತುಳುವಿನಲ್ಲಿ ಶುರುವಾಗಿ, ಬ್ಯಾರಿ, ಅರೆಭಾಷೆ ಎಲ್ಲ ಸುತ್ತಿ ಬರುತ್ತದೆ, ಜಗಳ ಮಾತ್ರ ಎಲ್ಲರಿಗೂ ಅರ್ಥವಾಗಲೆಂದು ಕನ್ನಡದಲ್ಲಿ. ಮೊದಮೊದಲು ಕಡ್ಡಿಗಳನ್ನು ಆನ್‌ಲೈನಿನಲ್ಲಿ ತರಿಸುತ್ತಿದ್ದೆವು. ಬರುವಾಗಲೇ ಅರ್ಧ ಸೀಳಿರುತ್ತಿದ್ದವು. ಕೊನೆಗೆ ಸಿಟ್ಟು ಬಂದು ನಾವೇ ಚಾಕು, ಮರಳುಕಾಗದ ಹಿಡಿದೆವು. ಒಬ್ಬಳು ಅಡಿಕೆ ಸಲಾಕೆಯಲ್ಲಿ ಮಾಡಿದಳು, ಒಬ್ಬಳು ಬಿದಿರಿನಲ್ಲಿ. ಮದರಂಗಿ ಹಾಕುವುದರಲ್ಲಿ ಹೆಸರು ಮಾಡಿದ ಬ್ಯಾರಿ ಹುಡುಗಿಯೊಬ್ಬಳು ಅದೇ ಬಳ್ಳಿ, ಅದೇ ಚುಕ್ಕಿಗಳನ್ನು ಬಣ್ಣದಲ್ಲಿ ಕಡ್ಡಿಯ ಮೇಲೆ ಬಿಡಿಸಿದಾಗ ನಮಗೆಲ್ಲ ಹೊಟ್ಟೆಕಿಚ್ಚಾಯಿತು. ಆಮೇಲೆ ಶುರುವಾಯಿತು ನೋಡಿ. ಬಳೆಚೂರು, ಕೆಂಪು ಮಂಜೊಟ್ಟಿ ಕಾಳು, ಹಳೇ ಜುಮುಕಿಯ ಮಣಿ, ಕೈಗೆ ಸಿಕ್ಕಿದ್ದೆಲ್ಲ ಕಡ್ಡಿಯ ಬಾಲಕ್ಕೆ ಬಂತು.

ಹಾಗೆ ಹುಟ್ಟಿದ್ದು ನಮ್ಮ ಕಡ್ಡಿ ಬದಲಿಸುವ ಪದ್ಧತಿ. ವರ್ಷಕ್ಕೊಮ್ಮೆ ಪ್ರತಿಯೊಬ್ಬಳೂ ಕೈಯಾರೆ ಮಾಡಿ ಸಿಂಗರಿಸಿದ ಒಂದು ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿ ಟೀಚರ್ ಮನೆಯ ಬುಟ್ಟಿಗೆ ಹಾಕಬೇಕು. ಆಮೇಲೆ ಕಣ್ಣು ಮುಚ್ಚಿ ಒಂದೊಂದು ಗಂಟು ಎತ್ತಿಕೊಳ್ಳಬೇಕು. ಸಿಕ್ಕಿದ್ದನ್ನು ಷೋಕೇಸಿನಲ್ಲಿ ಇಡುವ ಹಾಗಿಲ್ಲ, ಮುಂದಿನ ಲೇಸಿಗೆ ಅದನ್ನು ಸೇರಿಸಿ, ಫೋಟೋ ತೆಗೆದು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಟೀಚರ್ ಇನ್ನೊಂದು ಮಾತು ಸೇರಿಸಿದ್ದರು.

"ಖಾಲಿ ಕಡ್ಡಿ ಕೊಡುದಲ್ಲ. ನೆರೆಮನೆಯ ಪಾತ್ರೆ ಖಾಲಿ ಹಿಂದೆ ಕೊಡ್ತೀರಾ ನೀವು? ಏನಿಲ್ಲದಿದ್ರೆ ಒಂದು ಚಮಚ ಸಕ್ಕರೆ ಆದ್ರೂ ಹಾಕ್ತೀರಲ್ಲ. ಹಾಗೆ ಇದೂ. ನೂಲು ಸುತ್ತಿಯೇ ಕೊಡಬೇಕು."

ಕೊಟ್ಟದ್ದನ್ನು ಹಿಂದೆ ಕೇಳಬಾರದು ಎಂದು ಅವರು ಹೇಳಿರಲಿಲ್ಲ. ಅದನ್ನು ಹೇಳಬೇಕಾಗುತ್ತದೆ ಎಂದು ಯಾರಿಗೂ ಅನಿಸಿರಲಿಲ್ಲ.

ಈಗ ಅಕ್ಕನ ವಿಷಯ ಹೇಳಬೇಕು. ನನ್ನನ್ನು ಲೇಸಿಗೆ ಎಳೆದವಳು ಅಕ್ಕ. ಅವಳು ಕಾನ್ವೆಂಟಿನ ಹೊಲಿಗೆ ಕ್ಲಾಸಿಗೆ ಹೋಗುವಾಗ ಬಾಲದ ಹಾಗೆ ನಾನೂ ಹೋಗುತ್ತಿದ್ದೆ. ಅಕ್ಕ ಎಡಗೈಯವಳು. ಅನ್ನಕ್ಕೆ ಎಡಗೈ ಹಾಕಿದರೆ ಅಜ್ಜಿ ಮಣಿಗಂಟಿಗೆ ಪೆಟ್ಟು ಕೊಡುತ್ತಿದ್ದರು, ಶಾಲೆಯಲ್ಲಿ ಬಳಪವನ್ನು ಬಲಗೈಗೆ ತುರುಕುತ್ತಿದ್ದರು. ಕ್ಲಾಸಿನ ಸಿಸ್ಟರ್ ಒಬ್ಬರೇ ಅವಳ ಎಡಗೈ ನೋಡಿಯೂ ಸುಮ್ಮನಿದ್ದರು. "ಯಾವ ಕೈ ಅಂತ ಲೇಸ್ ಕೇಳುದಿಲ್ಲ" ಎಂದಿದ್ದರಂತೆ. ಅಕ್ಕ ಅದನ್ನು ಜೀವಮಾನವಿಡೀ ಹೇಳಿಕೊಂಡು ತಿರುಗಿದಳು. ನಾವೆಲ್ಲ ನೂಲನ್ನು ಬಲಕ್ಕೆ ಸುತ್ತಿದರೆ ಅವಳದ್ದು ಎಡಕ್ಕೆ. ಯೋಚನೆ ಬಂದಾಗ ಕಡ್ಡಿಯ ತುದಿಯನ್ನು ಕಚ್ಚುವ ಅಭ್ಯಾಸ ಬೇರೆ. ಮತ್ತೆ ಅವಳು ಹಿಡಿದದ್ದನ್ನು ಮುಗಿಸದೆ ಏಳುತ್ತಿರಲಿಲ್ಲ. ಉಳಿದ ನೂಲನ್ನು ಎಸೆಯುತ್ತಲೂ ಇರಲಿಲ್ಲ, ಇಟ್ಟುಕೊಳ್ಳುತ್ತಲೂ ಇರಲಿಲ್ಲ, ಕೂಡಲೇ ಇನ್ನೊಂದು ಲೇಸಿಗೆ ಹಾಕುತ್ತಿದ್ದಳು. "ನೂಲು ಇರುದು ಕೂತು ಹಳದಿ ಆಗ್ಲಿಕ್ಕೆ ಅಲ್ಲ" ಎಂದು ನನ್ನ ಅರ್ಧಂಬರ್ಧ ಲೇಸುಗಳನ್ನು ನೋಡಿ ಬೈಯುತ್ತಿದ್ದಳು.

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಕೆದಂಬಾಡಿಯ ಅವಳ ಮನೆಗೆ ನಾನು ಹೋಗುವಷ್ಟರಲ್ಲಿ, ಅವಳ ಹತ್ತಿರ ಕಲಿತ ಹುಡುಗಿಯರು ನೆನಪಿಗೆಂದು ಒಂದೊಂದು ಜೋಡಿ ಕಡ್ಡಿ ಒಯ್ದಿದ್ದರು. ಭಾವ ನನಗೆಂದು ಉಳಿಸಿದ್ದು ಒಂದು ಜೋಡಿ. ಹಲಸಿನ ಮರದ್ದು, ಸೊಂಟದಲ್ಲಿ ಅರಗಿನ ತೆಳು ಕೆಂಪು ಪಟ್ಟಿ, ತುದಿಯಲ್ಲಿ ಅವಳ ಹಲ್ಲಿನ ಗುರುತು. ಒಂದು ಕಡ್ಡಿ ಖಾಲಿ ಇತ್ತು. ಇನ್ನೊಂದರಲ್ಲಿ ಸ್ವಲ್ಪ ನೂಲು ಉಳಿದಿತ್ತು, ಅದನ್ನು ಬೇರೊಂದು ಲೇಸಿಗೆ ಹಾಕಲು ಅವಳಿಗೆ ಸಮಯ ಸಿಕ್ಕಿರಲಿಲ್ಲ. ಅವಳ ಸೀರೆಗಳನ್ನೆಲ್ಲ ಒಗೆದು ಹಂಚಿ ಆಗಿತ್ತು. ಅವಳ ಫೋನ್ ನಂಬರು ಯಾವನೋ ಒಬ್ಬನಿಗೆ ಹೋಗಿತ್ತು, ನಾನು ಒಮ್ಮೆ ಮಾಡಿ ನೋಡಿದ್ದೆ. ಅವಳ ಕೈ ಬಿಟ್ಟ ಹಾಗೆಯೇ ಉಳಿದದ್ದು ಅಂದರೆ ಆ ಎಡಕ್ಕೆ ಸುತ್ತಿದ ನೂಲು ಒಂದೇ. ನಾನದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಬೇಜಾರಾದಾಗ ತೆಗೆದು ನೋಡಿ, ಬಿಚ್ಚದೆ ಮತ್ತೆ ಒಳಗೆ ಇಡುತ್ತಿದ್ದೆ.

ಕಳೆದ ಸಲ ಕಡ್ಡಿ ಬದಲಿಸುವುದಕ್ಕೆ ಏನಾದರೂ ಚಂದ ಮಾಡಬೇಕು ಎಂದು ನನಗೆ ಹುಚ್ಚು ಹಿಡಿಯಿತು. ಅದರ ಹಿಂದಿನ ವರ್ಷ ನನ್ನ ಕಡ್ಡಿ ನೋಡಿ "ಇದು ಪಲ್ಯ ತಿರುಗಿಸ್ಲಿಕ್ಕಾ?" ಎಂದು ಒಬ್ಬಳು ಕೇಳಿದ್ದಳು. ಅದು ಮನಸ್ಸಿನಲ್ಲಿ ಇತ್ತು. ಹಾಗಾಗಿ ಅಕ್ಕನ ಜೋಡಿಯನ್ನು ಎದುರಿಗಿಟ್ಟುಕೊಂಡು ಅದರದ್ದೇ ನಕಲು ಮಾಡಿದೆ. ಹಲಸಿನದ್ದೇ ತುಂಡು ಹುಡುಕಿದೆ, ಅದೇ ಸೊಂಟ, ಅದೇ ಅರಗಿನ ಪಟ್ಟಿ, ಎಣ್ಣೆ ಉಜ್ಜಿ ಬರಿಸಿದ ಅದೇ ಕಪ್ಪು. ಎರಡು ಕಡ್ಡಿ ಹಾಳು ಮಾಡಿದ ಮೇಲೆ ಮತ್ತೆರಡು ಸರಿಯಾಗಿ ಬಂದವು. ಎಷ್ಟು ಸರಿ ಎಂದರೆ ನಾಲ್ಕನ್ನೂ ಚಾಪೆಯ ಮೇಲಿಟ್ಟು ನಾನೇ ಹೆಮ್ಮೆಯಿಂದ ನೋಡಿದೆ. ಆ ಹೆಮ್ಮೆಯೇ ನನ್ನನ್ನು ತಿಂದದ್ದು.

ಮಧ್ಯಾಹ್ನ ನೂಲು ಸುತ್ತಲು ಕೂತೆ. ಮೋಡ ಕವಿದಿತ್ತು, ಕರೆಂಟ್ ಹೋಗಿತ್ತು. ಹೊಸ ಕಡ್ಡಿಯೊಂದಕ್ಕೆ ಬೇಕಾದಷ್ಟು ಸುತ್ತಿ, ಅದರ ಜೋಡಿಗೂ ಬೇಕಾದಷ್ಟು ಉದ್ದ ಬಿಟ್ಟು, ನೂಲು ಕತ್ತರಿಸಿದೆ. ಇನ್ನು ಆ ತುದಿಯನ್ನು ಎರಡನೆಯ ಕಡ್ಡಿಗೆ ಸುತ್ತಬೇಕು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಒಂದು ಕೂಗಿಗೆ ಎದ್ದು ಓಡುವ ಅಗತ್ಯ ಯಾರಿಗೂ ಇಲ್ಲ, ಆದರೆ ನಾನು ಓಡಿದೆ. ಹೋದವಳು ಒಗ್ಗರಣೆಯನ್ನೂ ಹಾಕಿದೆ, ಒಣಗಿದ ಪಾತ್ರೆಗಳನ್ನೂ ಜೋಡಿಸಿದೆ. ತಿರುಗಿ ಬಂದು ನೋಡಿದರೆ ಒಂದು ಕಡ್ಡಿಯಿಂದ ನೂಲಿನ ತುದಿ ಹೊರಗೆ ಬಿದ್ದಿದೆ, ಪಕ್ಕದಲ್ಲಿ ಸ್ವಲ್ಪ ನೂಲು ಸುತ್ತಿದ ಇನ್ನೊಂದು ಕಡ್ಡಿ. ನಾನು ಎರಡನೆಯದಕ್ಕೂ ಸುತ್ತಲು ಶುರು ಮಾಡಿದ್ದೆ, ಏಳುವ ಗಡಿಬಿಡಿಯಲ್ಲಿ ಕಾಲು ತಾಗಿ ನೂಲು ತುಂಡಾಗಿದೆ ಎಂದುಕೊಂಡೆ. ನನ್ನನ್ನು ನಾನೇ ಬೈದುಕೊಂಡು, ಎರಡು ತುದಿ ಸೇರಿಸಿ ಸಣ್ಣ ಗಂಟು ಹಾಕಿ, ಉಳಿದ ನೂಲನ್ನು ಅದರ ಮೇಲೆಯೇ ಬಲಕ್ಕೆ ಸುತ್ತಿದೆ. ಉಳಿದ ಎರಡು ಕಡ್ಡಿಗಳನ್ನು ಡಬ್ಬಿಗೆ ಎಸೆದು ಮುಚ್ಚಿದೆ.

ಬುಟ್ಟಿಯಿಂದ ನನ್ನ ಗಂಟನ್ನು ಎತ್ತಿದವಳು ಗುಂಡ್ಯದ ಹೆಂಗಸು. ಸುಳ್ಯದ ಕಡೆಯ ಅರೆಭಾಷೆಯ ಮನೆಯವಳು, ಮದುವೆಯಾಗಿ ಗುಂಡ್ಯಕ್ಕೆ ಬಂದವಳು. ಅಲ್ಲಿ ಶಿರಾಡಿ ಘಾಟಿಯ ಬುಡದಲ್ಲಿ ಗಂಡ ಹೆಂಡತಿ ಹೋಟೆಲು ನಡೆಸುತ್ತಾರೆ. ಮಾತು ಕಡಿಮೆ. ಅವಳು ಬಟ್ಟೆ ಬಿಚ್ಚಿ ಕಡ್ಡಿಗಳನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಲಾಯ್ಕ ಉಂಟು" ಎಂದಳು. ನಾನು ಗಾಳಿಯಲ್ಲಿ ತೇಲಿದೆ. ನನಗೆ ಸಿಕ್ಕಿದ್ದು ತೆಂಗಿನ ಗೆರಟೆಯ ಜೋಡಿ, ಒಂದು ದಪ್ಪ, ಒಂದು ಸಣಕಲು. ಆದರೂ ಖುಷಿಯಲ್ಲೇ ಮನೆಗೆ ಬಂದೆ.

ಗ್ರೂಪಿನಲ್ಲಿ ಫೋಟೋಗಳು ಬರತೊಡಗಿದವು. ಒಬ್ಬಳ ದಿಂಬಿನ ಮೇಲೆ ಮದರಂಗಿ ಬಳ್ಳಿಯ ಕಡ್ಡಿ, ಇನ್ನೊಬ್ಬಳದ್ದರಲ್ಲಿ ಬಿದಿರಿನದ್ದು. ಗುಂಡ್ಯದಿಂದ ಏನೂ ಇಲ್ಲ. ಬೆಳಿಗ್ಗೆ ಎದ್ದು ನೋಡುತ್ತೇನೆ, ಇಲ್ಲ. ಚಾ ಕುಡಿದು ನೋಡುತ್ತೇನೆ, ಇಲ್ಲ. ಅವಳು ಬೇರೆಯವರ ಫೋಟೋಗೆ ಹೂವಿನ ಚಿತ್ರ ಹಾಕುತ್ತಾಳೆ, ತನ್ನದು ಹಾಕುವುದಿಲ್ಲ. ಕಡ್ಡಿ ಭಾರವಾಯಿತೇ? ಸೀಳಿತೇ? ಲಾಯ್ಕ ಉಂಟು ಎಂದದ್ದು ಮರ್ಯಾದೆಗೋ? "ಅವಳಿಗೆ ಹೋಟೆಲಿನ ಕೆಲಸ ಉಂಟಲ್ಲ ಮಾರಾಯ್ತಿ, ನಿನ್ನ ಹಾಗೆ ಅಲ್ಲ" ಎಂದರು ನಮ್ಮ ಮನೆಯವರು. ಆ ಮಾತಿಗೆ ಇನ್ನಷ್ಟು ಉರಿಯಿತು. ಎಲ್ಲಿ ತಪ್ಪಿರಬಹುದು ಎಂದು ಅಕ್ಕನ ಜೋಡಿಯನ್ನು ನೋಡಲು ಡಬ್ಬಿ ತೆಗೆದೆ.

ಡಬ್ಬಿಯಲ್ಲಿ ಎರಡು ಕಡ್ಡಿ ಇದ್ದವು. ಎರಡೂ ಖಾಲಿ. ಒಂದರ ತುದಿಯಲ್ಲಿ ಹಲ್ಲಿನ ಗುರುತು, ಇನ್ನೊಂದರ ತುದಿ ನುಣ್ಣಗೆ.

ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ಕುಕ್ಕರಿನ ಕೂಗು, ಬಿದ್ದಿದ್ದ ತುದಿ, ನಾನು ಹಾಕಿದ ಗಂಟು ಎಲ್ಲ ಒಂದರ ಹಿಂದೆ ಒಂದು ನೆನಪಾಯಿತು. ಅಕ್ಕನ ನೂಲಿಗೆ ಹೊಸ ನೂಲು ಕಟ್ಟಿ, ಅಕ್ಕನ ಕಡ್ಡಿಯನ್ನೇ ಬುಟ್ಟಿಗೆ ಹಾಕಿದ್ದೆ. ಅಳು ಬರಲಿಲ್ಲ. ಭಯವಾಯಿತು. ಏಕೆಂದರೆ ಕಡ್ಡಿ ಎಲ್ಲಿಗೂ ಹೋಗುವುದಿಲ್ಲ, ಕೇಳಿದರೆ ಸಿಗಬಹುದು. ಆದರೆ ನೂಲು ಕರಗುತ್ತದೆ. ಗುಂಡ್ಯದಲ್ಲಿ ಅವಳು ಹೆಣೆಯುತ್ತ ಹೋದ ಹಾಗೆ ಮೇಲಿನ ಹೊಸ ನೂಲು ಮುಗಿದು, ಗಂಟು ಬಂದು, ಗಂಟಿನ ಆಚೆಗೆ ಅಕ್ಕ ಸುತ್ತಿದ್ದು ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ್ದನ್ನು ಮತ್ತೆ ಸುತ್ತಬಹುದು, ಆದರೆ ಸುತ್ತಲು ಅಕ್ಕ ಇಲ್ಲ.

ಟೀಚರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಅವಳು ಅದನ್ನು ದಿಂಬಿಗೆ ಹಾಕಿದ್ರೆ ಕಷ್ಟ" ಎಂದರು. "ನಡುವಿನಿಂದ ಒಂದು ಕಡ್ಡಿ ತೆಗಿಬೇಕಾದ್ರೆ ನೂಲು ಕತ್ತರಿಸ್ಬೇಕು. ಅವಳ ಲೇಸ್ ಬಿಟ್ಟುಹೋಗ್ತದೆ. ಕೊಟ್ಟದ್ದನ್ನು ಕೇಳುದು, ಕೇಳಿ ಅವಳ ಕೆಲಸ ಹಾಳು ಮಾಡುದು, ನೀವೇ ಯೋಚನೆ ಮಾಡಿ."

ಯೋಚನೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗುಂಡ್ಯದವಳಿಗೆ ಮೆಸೇಜು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ದಯವಿಟ್ಟು ಹೆಣೆಯಬೇಡಿ ಎಂದು ಬರೆದರೆ ಯಾಕೆ ಎಂದು ಬರೆಯಬೇಕು, ಯಾಕೆ ಎಂದು ಬರೆಯಲು ಹೋದರೆ ಅದು ಫೋನಿನಲ್ಲಿ ತೀರಾ ಸಣ್ಣದಾಗಿ ಕಾಣುತ್ತಿತ್ತು. ಕೊನೆಗೆ ಕರೆ ಮಾಡಿದೆ. ಎತ್ತಿದ್ದು ಗಂಡಸಿನ ದನಿ, ಹಿಂದೆ ಲಾರಿಗಳ ಹಾರ್ನು.

"ಊಟ ರೆಡಿ ಉಂಟು. ಎಷ್ಟು ಜನ ಬರ್ತೀರಿ?"

"ಊಟಕ್ಕಲ್ಲ, ನಿಮ್ಮ ಮನೆಯವರು ಇದ್ದಾರಾ?"

"ಮೀನು ಉಂಟು, ಕೋಳಿಯೂ ಉಂಟು. ಎಷ್ಟು ಜನ?"

ಫೋನ್ ಇಟ್ಟು, ಸೀರೆ ಬದಲಿಸಿ, ಆ ನುಣ್ಣಗಿನ ತುದಿಯ ಕಡ್ಡಿಯನ್ನು ಪರ್ಸಿಗೆ ಹಾಕಿಕೊಂಡು ಹೊರಟೆ. ಅದು ಅವಳ ಪಾಲಿನದ್ದು, ಅದನ್ನು ಕೊಟ್ಟು ಅಕ್ಕನದ್ದನ್ನು ತರುವುದು ಎಂದು ಲೆಕ್ಕ. ನಮ್ಮ ಮನೆಯವರು ನಾಳೆ ಹೋಗು ಎಂದದ್ದು ಗೇಟಿನ ತನಕ ಕೇಳಿಸಿತು.

ಉಪ್ಪಿನಂಗಡಿಯಲ್ಲಿ ಇಳಿದು ಹೆದ್ದಾರಿಯ ಬಸ್ಸಿಗೆ ಕಾಯಬೇಕಿತ್ತು. ಕಾಯುವುದು ನನ್ನಿಂದಾಗದ ಕೆಲಸ. ಹೊರಡಲು ಗುರುಗುಡುತ್ತಿದ್ದ ಸರಕಾರಿ ಬಸ್ಸೊಂದಕ್ಕೆ ಬೋರ್ಡು ನೋಡದೆ ಹತ್ತಿ, ಆಧಾರ್ ತೋರಿಸಿ ಗುಂಡ್ಯ ಎಂದೆ. ಕಂಡಕ್ಟರ್ ನನ್ನನ್ನೊಮ್ಮೆ ನೋಡಿದ.

"ಇದು ಕಡಬಕ್ಕೆ ಹೋಗುದು ಅಕ್ಕ. ಗುಂಡ್ಯದ್ದು ನೆಲ್ಯಾಡಿ ದಾರಿ. ಅದು ಹಿಂದೆ ನಿಂತಿತ್ತಲ್ಲ, ಖಾಲಿ ಇತ್ತು."

ಸಿಟ್ಟಿನಲ್ಲಿ ಕೊಯಿಲದಲ್ಲಿ ಇಳಿದುಬಿಟ್ಟೆ. ಇಳಿದ ಮೇಲೆ ಗೊತ್ತಾಯಿತು, ಇಳಿದದ್ದು ಇನ್ನೊಂದು ತಪ್ಪು. ಹಿಂದೆ ಹೋಗುವ ಬಸ್ಸೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ಎದುರಿಗೆ ಜಾನುವಾರು ಫಾರ್ಮಿನ ವಿಶಾಲ ಹುಲ್ಲುಗಾವಲು. ಬೇಲಿಯ ಒಳಗೆ ದನಗಳು ಮೆಲುಕು ಹಾಕುತ್ತ ನಿಂತಿದ್ದವು. ಒಂದು ದನ ನನ್ನನ್ನೇ ನೋಡುತ್ತಿತ್ತು, ನಾನು ರಸ್ತೆಯ ಆ ಕಡೆಗೆ ಹೋದರೂ ನೋಡುತ್ತಿತ್ತು, ಈ ಕಡೆಗೆ ಬಂದರೂ ನೋಡುತ್ತಿತ್ತು. ಅದಕ್ಕೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ದನವೊಂದನ್ನು ಕಂಡು ನನಗೆ ಕೋಪ ಬಂತು. ಈ ಹೊತ್ತಿಗೆ ಗುಂಡ್ಯದಲ್ಲಿ ಕಡ್ಡಿಗಳು ಟಕಟಕ ಎನ್ನುತ್ತಿರಬಹುದು, ಗಂಟು ದಾಟಿರಬಹುದು, ನಾನು ಇಲ್ಲಿ ದನದ ಎದುರು ನಿಂತಿದ್ದೇನೆ. ಅಂತೂ ಬಂದದ್ದು ಮತ್ತೆ ಕಡಬದ್ದೇ ಬಸ್ಸು. ಅದನ್ನೇ ಹತ್ತಿ, ಕಡಬಕ್ಕೆ ಹೋಗಿ, ಅಲ್ಲಿಂದ ಸುಬ್ರಹ್ಮಣ್ಯದ ಬಸ್ಸು ಹಿಡಿದು, ಕೈಕಂಬದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಗುಂಡ್ಯ ತಲುಪಿದೆ. ಊಟದ ಹೊತ್ತು ಮುಗಿದಿತ್ತು.

ಹೋಟೆಲಿನ ಎದುರು ಘಾಟಿ ಹತ್ತುವ ಮೊದಲು ಉಸಿರು ತೆಗೆದುಕೊಳ್ಳುವ ಲಾರಿಗಳು ಸಾಲಾಗಿ ನಿಂತಿದ್ದವು. ಒಳಗೆ ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಗಿರಾಕಿ ಕೂರಬೇಕಾದ ಜಾಗದಲ್ಲಿ, ಲೇಸಿನ ದಿಂಬು ಇತ್ತು. ಮೇಲೆ ಟವೆಲು ಮುಚ್ಚಿತ್ತು. ನನ್ನ ಕಣ್ಣು ಅಲ್ಲಿಗೇ ಹೋಯಿತು.

"ಅಯ್ಯೋ ನೀವಾ" ಎಂದಳು ಅವಳು, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ. "ಬನ್ನಿ, ಕೂತ್ಕೊಳ್ಳಿ. ಮೊದ್ಲು ಚಾ ಕುಡೀರಿ."

ಚಾ ಬಂತು, ಕೇಳದೆಯೇ ಬನ್ಸ್ ಬಂತು. ಬಾಯಿಯವರೆಗೆ ಬಂದ ಮಾತನ್ನು ನಾನು ಬನ್ಸಿನೊಂದಿಗೆ ನುಂಗಿದೆ. ಅವಳು ಎರಡು ಟೇಬಲು ಒರೆಸಿ ಬಂದು ಎದುರಿಗೆ ನಿಂತಳು.

"ಫೋಟೋ ಹಾಕ್ಲಿಲ್ಲ ಅಂತ ಬೇಜಾರಾ?"

"ಹಾಗಲ್ಲ" ಎಂದೆ.

ಅವಳು ಟವೆಲು ತೆಗೆದಳು. ಹೋಟೆಲಿನ ತಿಂಡಿಯ ಗಾಜಿನ ಪೆಟ್ಟಿಗೆಗೆ ಪರದೆ ಮಾಡುತ್ತಿದ್ದಳಂತೆ. ಲಾರಿಯ ಡ್ರೈವರುಗಳು ಬನ್ಸ್ ನೋಡುವ ಪೆಟ್ಟಿಗೆಗೆ ಲೇಸಿನ ಪರದೆ. ಅಂಗೈಯಗಲ ಹೆಣೆದು ಅರ್ಧದಲ್ಲಿ ನಿಂತಿತ್ತು. ಕಡ್ಡಿಗಳೆಲ್ಲ ಹರಡಿ ಬಿದ್ದಿದ್ದರೆ ಒಂದು ಮಾತ್ರ ಬದಿಯಲ್ಲಿ, ಅಲುಗದ ಹಾಗೆ ಎರಡು ಹೇರ್‌ಪಿನ್ನಿನ ನಡುವೆ ಸಿಕ್ಕಿಸಿತ್ತು. ಅದರ ತುದಿಯಲ್ಲಿ ಹಲ್ಲಿನ ಗುರುತು.

"ಇದು ಗಂಟಿನ ತನಕ ಬಂತು" ಎಂದಳು ಅವಳು. "ಗಂಟಿನ ಈಚೆ ಬಿಳಿ ನೂಲು, ಬಲಕ್ಕೆ ಸುತ್ತಿದ್ದು. ಆಚೆಗೆ ನೋಡಿದ್ರೆ ಸ್ವಲ್ಪ ಹಳದಿ, ಮತ್ತೆ ಸುತ್ತಿದ್ದು ಎಡಕ್ಕೆ. ನಮ್ಮಲ್ಲಿ ಎಡಗೈಯವರು ಯಾರಿದ್ದಾರೆ? ನೀವು ಒಮ್ಮೆ ಅಕ್ಕನ ವಿಷಯ ಹೇಳಿದ್ರಲ್ಲ, ಅನ್ನಕ್ಕೆ ಕೈ ಹಾಕಿದ್ರೆ ಪೆಟ್ಟು ಬೀಳ್ತಿತ್ತು ಅಂತ."

ನಾನು ಹೌದೆಂದು ತಲೆಯಾಡಿಸಿದೆ.

"ಗೊತ್ತಿದ್ದೇ ಕೊಟ್ರಾ, ತಪ್ಪಿ ಬಂತಾ ಅಂತ ಗೊತ್ತಾಗ್ಲಿಲ್ಲ. ಗೊತ್ತಿದ್ದೇ ಕೊಟ್ಟಿದ್ರೆ ಕೇಳುದು ಸರಿಯಲ್ಲ. ತಪ್ಪಿ ಬಂದದ್ದಾದ್ರೆ ನೀವೇ ಬರ್ತೀರಿ. ಹಾಗೆ ನಿಲ್ಲಿಸಿ ಇಟ್ಟೆ. ನಿಲ್ಲಿಸಿದ್ದರ ಫೋಟೋ ಹೇಗೆ ಹಾಕುದು?"

ಇಷ್ಟು ದಿನ ಅವಳ ಬಗ್ಗೆ ನಾನು ಏನೇನು ಯೋಚಿಸಿದ್ದೆನೋ ಅದೆಲ್ಲ ನೆನಪಾಗಿ ಮುಖ ಬಿಸಿಯಾಯಿತು. ಅವಳು ಗಲ್ಲಾದ ಡ್ರಾಯರಿನಿಂದ ಕತ್ತರಿ ತೆಗೆದು ನನ್ನ ಮುಂದಿಟ್ಟಳು.

"ಗಂಟಿನ ಹತ್ತಿರ ಕತ್ತರಿಸಿ, ತಕ್ಕೊಂಡು ಹೋಗಿ. ನಾನು ಬೇರೆ ನೂಲು ಸೇರಿಸಿಕೊಳ್ತೇನೆ. ಒಂದು ಗಂಟು ಹೆಚ್ಚು ಕಾಣ್ತದೆ ಅಷ್ಟೆ. ಲಾರಿಯವರು ಗಂಟು ಲೆಕ್ಕ ಮಾಡುದಿಲ್ಲ."

ಅಷ್ಟರಲ್ಲಿ ಹೊರಗೆ ಯಾರೋ ಪಾರ್ಸೆಲ್ ಕೇಳಿದರು. ಅವಳು ಹೋದಳು. ನಾನು ದಿಂಬನ್ನು ಮಡಿಲಿಗೆ ಎಳೆದುಕೊಂಡು ಕತ್ತರಿ ಹಿಡಿದೆ. ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ನೂಲು ಇತ್ತು, ಪೂರ್ತಿ ಇತ್ತು, ಅಕ್ಕ ಬಿಟ್ಟ ಹಾಗೆಯೇ ಇತ್ತು. ಇನ್ನು ಒಮ್ಮೆ ಕತ್ತರಿಸಿದರೆ ಪರ್ಸಿಗೆ, ಪರ್ಸಿನಿಂದ ಡಬ್ಬಿಗೆ.

ಡಬ್ಬಿ ನೆನಪಾದ ಕೂಡಲೇ ಕೈ ನಿಂತಿತು. ಹಗಲು ಬೆಳಕಿನಲ್ಲಿ, ಬಿಳಿ ಲೇಸಿನ ಪಕ್ಕದಲ್ಲಿ, ಆ ನೂಲು ನಿಜಕ್ಕೂ ಹಳದಿಯಾಗಿತ್ತು. ಅಕ್ಕನ ಕೈಯಲ್ಲಿ ಯಾವ ನೂಲೂ ಹಳದಿಯಾದದ್ದಿಲ್ಲ. ಇದು ಹಳದಿಯಾದದ್ದು ನನ್ನ ಡಬ್ಬಿಯಲ್ಲಿ. ಮತ್ತೆ ಅದೇ ಡಬ್ಬಿಗೆ ಹಾಕಿದರೆ ಇನ್ನೂ ಹಳದಿಯಾಗಿ, ಒಂದು ದಿನ ಮುಟ್ಟಿದರೆ ತುಂಡಾಗುತ್ತದೆ. ಅರ್ಧಕ್ಕೆ ಬಿಟ್ಟ ನನ್ನ ಲೇಸುಗಳ ಜೊತೆಗೆ ಅಕ್ಕನದ್ದೂ ಒಂದನ್ನು ಸೇರಿಸಿ ಇಟ್ಟಿದ್ದೇನೆ ಎಂದು ಆಗ ಹೊಳೆಯಿತು. ಇಟ್ಟುಕೊಳ್ಳುವ ಆಸೆ ಮಾತ್ರ ಕಡಿಮೆಯಾಗಲಿಲ್ಲ. ಆಸೆ ಇರುವಾಗಲೇ ಕತ್ತರಿಯನ್ನು ಮೇಜಿನ ಮೇಲಿಟ್ಟು, ಹೇರ್‌ಪಿನ್ ತೆಗೆದೆ.

ಎಡಕ್ಕೆ ಸುತ್ತಿದ ಕಡ್ಡಿಯಲ್ಲಿ ಹೆಣೆಯುವುದು ಸುಲಭವಲ್ಲ. ನೂಲು ಬಿಡಿಸುವಾಗ ಕೈ ತಾನಾಗಿ ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ, ಉಲ್ಟಾ ತಿರುಗಿಸಬೇಕು. ನಾಲ್ಕು ಸಲ ತಪ್ಪಿದೆ. ಆಮೇಲೆ ಅಕ್ಕನ ಎಡಗೈ ಹೇಗೆ ತಿರುಗುತ್ತಿತ್ತು ಎಂದು ಕಣ್ಣಿಗೆ ಬಂತು, ಹೆಬ್ಬೆರಳಿನಿಂದ ತನ್ನ ಕಡೆಗೆ ಒಂದು ಸಣ್ಣ ತಳ್ಳು. ಹಾಗೆ ಮಾಡಿದಾಗ ಸಲೀಸಾಗಿ ಬಿಟ್ಟಿತು. ದಾಟಿಸಿದೆ, ತಿರುಚಿದೆ, ಸೂಜಿ ಚುಚ್ಚಿದೆ. ಗಂಟು ಲೇಸಿನೊಳಗೆ ಹೋಯಿತು. ಅದರ ಹಿಂದೆಯೇ ಹಳದಿ ನೂಲು ಬಿಳಿಯ ನಡುವೆ ಗೆರೆಯಾಗಿ ಮೂಡಿತು.

ಅವಳು ಪಾರ್ಸೆಲ್ ಕೊಟ್ಟು ಬಂದು ನೋಡಿದಳು.

"ಕಾಣ್ತದೆ" ಎಂದಳು.

"ಕಾಣ್ಲಿ. ನಿಮಗೆ ಬೇಡ ಅನಿಸಿದ್ರೆ ಹೇಳಿ, ನಿಲ್ಲಿಸ್ತೇನೆ."

"ನಿಲ್ಲಿಸ್ಬೇಡಿ. ನಿಲ್ಲಿಸಿ ನಿಲ್ಲಿಸಿ ಸಾಕಾಗಿದೆ" ಎಂದು ಅವಳು ನನ್ನ ಚಾದ ಲೋಟ ಒಯ್ದಳು.

ಲಾರಿಗಳು ಹೊರಟವು, ಬೇರೆ ಲಾರಿಗಳು ಬಂದು ನಿಂತವು. ಒಬ್ಬ ಡ್ರೈವರು ಕೈ ತೊಳೆದು ಬಂದು ನಿಂತು ನೋಡಿ ಹೋದ. ಒಳಗೆ ಕುಕ್ಕರ್ ಕೂಗಿತು. ಕಾಲು ಏಳಲು ಹೊರಟದ್ದು ನನಗೆ ಗೊತ್ತಾಯಿತು, ಆದರೆ ಮಡಿಲಲ್ಲಿ ದಿಂಬಿತ್ತು. ಅದು ಬೇರೆಯವರ ಕುಕ್ಕರು ಎಂದು ಹೇಳಿಕೊಂಡು ಕೂತೆ. ನೂಲು ಸುತ್ತು ಸುತ್ತಾಗಿ ಸಣ್ಣದಾಯಿತು. ಕೊನೆಯ ಕೆಲವು ಸುತ್ತುಗಳಿಗೆ ಬಂದಾಗ ನಿಲ್ಲಿಸಲೇ ಅನಿಸಿತು. ನಿಲ್ಲಿಸಲಿಲ್ಲ. ತುದಿ ಕಡ್ಡಿಯಿಂದ ಜಾರಿ ಬಿಟ್ಟುಕೊಂಡಿತು, ಅದನ್ನು ಪಕ್ಕದ ಸೂಜಿಗೆ ಸುತ್ತಿ ಭದ್ರ ಮಾಡಿದೆ.

ಕಡ್ಡಿ ಕೈಗೆ ಬಂತು. ಮೈಯೆಲ್ಲ ಕೈಯ ಎಣ್ಣೆ ಹತ್ತಿ ಕಪ್ಪಾಗಿದ್ದ ಆ ಹಲಸಿನ ಕಡ್ಡಿಯ ಕುತ್ತಿಗೆ, ನೂಲಿನ ಅಡಿಯಲ್ಲಿ ಇದ್ದಷ್ಟು ಜಾಗ, ಹೊಸದಾಗಿ ಕೆತ್ತಿದ ಹಾಗೆ ಹಳದಿಯಾಗಿತ್ತು. ಅಕ್ಕ ಸುತ್ತಿದ ದಿನದಿಂದ ಅದನ್ನು ಯಾರೂ ನೋಡಿರಲಿಲ್ಲ. ನಾನು ಅದರ ಮೇಲೆ ಹೆಬ್ಬೆರಳು ಇಟ್ಟೆ. ಅಷ್ಟು ವರ್ಷ ಬಾರದ ಅಳು ಗುಂಡ್ಯದ ಹೋಟೆಲಿನಲ್ಲಿ, ಬನ್ಸಿನ ಪೆಟ್ಟಿಗೆಯ ಎದುರು ಬಂತು. ಅವಳು ನೀರಿನ ಲೋಟ ಇಟ್ಟು, ಗಿರಾಕಿಗಳಿಗೆ ಕಾಣದ ಹಾಗೆ ಅಡ್ಡ ನಿಂತಳು.

ಸುಧಾರಿಸಿಕೊಂಡ ಮೇಲೆ ಪರ್ಸಿನಿಂದ ಹೊಸ ಕಡ್ಡಿ ತೆಗೆದು, ಇದು ನಿಮ್ಮ ಜೋಡಿಯದ್ದು ಎಂದು ಕೊಟ್ಟೆ. ಅಕ್ಕನದ್ದನ್ನು ಪರ್ಸಿಗೆ ಹಾಕಲು ಹೊರಟಾಗ ಅವಳು ಕೈ ಚಾಚಿದಳು.

"ಖಾಲಿ ಕೊಡ್ಲಿಕ್ಕಿಲ್ಲ. ಟೀಚರ್ ಬೈತಾರೆ."

ಗಲ್ಲಾದ ಕೆಳಗಿನಿಂದ ತನ್ನ ಬಿಳಿ ನೂಲಿನ ಉಂಡೆ ತೆಗೆದು ಅವಳು ಸುತ್ತತೊಡಗಿದಳು. ನಾಲ್ಕು ಸುತ್ತು ಹಾಕಿ, ನಿಲ್ಲಿಸಿ, ಬಿಚ್ಚಿದಳು. ಕಡ್ಡಿಯನ್ನು ಬಲಗೈಗೆ, ನೂಲನ್ನು ಎಡಗೈಗೆ ಬದಲಿಸಿಕೊಂಡು ಮತ್ತೆ ಶುರು ಮಾಡಿದಳು. ಅಭ್ಯಾಸವಿಲ್ಲದ ಕೈ, ಒಂದು ಸುತ್ತು ಮೇಲೆ ಹೋಗುತ್ತಿತ್ತು, ಒಂದು ಕೆಳಗೆ ಜಾರುತ್ತಿತ್ತು. ನೂಲು ಎಡಕ್ಕೆ ಸುತ್ತಿಕೊಳ್ಳುತ್ತಿತ್ತು.

"ಹೀಗೆ ಅಲ್ವಾ ಇದ್ದದ್ದು?" ಎಂದು ಕೇಳಿದಳು.

"ಹೌದು, ಹೀಗೆಯೇ."

ಹೊರಗೆ ಪುತ್ತೂರಿನ ಕಡೆಗೆ ಹೋಗುವ ಬಸ್ಸು ಬಂದು ನಿಂತು ಹಾರ್ನ್ ಹಾಕಿತು. ಅವಳ ಗಂಡ ಒಳಗಿನಿಂದ, "ಬಸ್ ಬಂತು, ನಿಮ್ಮದಲ್ವಾ?" ಎಂದು ಕೂಗಿದರು. ಅವಳು ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಇನ್ನೊಂದು ಬರ್ತದಲ್ಲ" ಎಂದೆ ನಾನು. "ನೀವು ನಿಧಾನ ಸುತ್ತಿ."